ನಿಂತ ಆಟವನ್ನು ಫೋನಿಗೆ ದಾಟಿಸುವ ಕ್ಯಾಸೆಟ್ಟಕ್ಕ

ಬೀದಿದೀಪ ಇನ್ನೂ ಆರಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಹೋದ ಕ್ಯಾಸೆಟ್ಟಕ್ಕ ಮೊದಲು ಕೈ ಒರೆಸಿಕೊಳ್ಳುತ್ತಾರೆ. ಆಮೇಲೆ ಕನ್ನಡಕ, ಆಮೇಲೆ ಬೆರಳುದ್ದದ ಸ್ಕ್ರೂಡ್ರೈವರ್. "ಈ ಹೊತ್ತಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡಲ್ಲ. ಹೇಳ್ಕೊಂಡು ಕೂತ್ರೆ ಅದೂ ಹೋಗತ್ತೆ, ಇರಿ" ಎನ್ನುತ್ತಾರೆ.

ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮ್ ಪೆಟ್ಟಿಗೆಗಳು ಮೂಲೆ ಸೇರಿ ಯಾವ ಕಾಲವಾಯಿತು! ಅವುಗಳ ಕ್ಯಾಸೆಟ್ಟಿನಲ್ಲಿರುವ ಆಟವನ್ನು ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಗಿರಾಕಿಯ ಫೋನಿಗೆ ಹಾಕಿಕೊಡುವುದು ಇವರ ಕಸುಬು. ಹಳೆಯ ಪೆಟ್ಟಿಗೆಯ ಹಾಗೆಯೇ ನಟಿಸುವ ಎಮ್ಯುಲೇಟರ್ ಎಂಬ ಆ್ಯಪ್ ಫೋನಿನಲ್ಲಿರುತ್ತದೆ. ಬರೀ ಆಟ ಬೇಕಾದವರು ಇಲ್ಲಿಗೆ ಬರುವುದಿಲ್ಲ. ಆಡಿದವರ ಗುರುತು ಬೇಕಾದವರು ಬರುತ್ತಾರೆ. ಯಾರು ಎಲ್ಲಿಯವರೆಗೆ ಆಡಿದ್ದರು, ಏನು ಕಟ್ಟಿದ್ದರು ಎಂಬುದನ್ನೆಲ್ಲ ಕ್ಯಾಸೆಟ್ಟಿನೊಳಗೆ ಅಂಗಿಗುಂಡಿಯಷ್ಟಿರುವ ಒಂದು ಸೆಲ್ ಕಾಯುತ್ತಿರುತ್ತದೆ. ದಿನಕ್ಕೆ ಮೂರೋ ನಾಲ್ಕೋ ಕ್ಯಾಸೆಟ್ ಬಿಚ್ಚುತ್ತಾರೆ. ಹತ್ತರಲ್ಲಿ ಆರು ಉಳಿದಿರುತ್ತವೆ, ನಾಲ್ಕು ಕೈಕೊಡುತ್ತವೆ.

ಹನ್ನೊಂದು ವರ್ಷದ ಹಿಂದೆ ಇವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ತೀರಿಹೋದ ತಮ್ಮನ ಕ್ಯಾಸೆಟ್ ಚೆನ್ನಾಗಿರಲಿ ಎಂದು ತಾವೇ ಹೊಸ ಸೆಲ್ ಕೂರಿಸಿದರು. ಹಳೆಯದನ್ನು ಕಿತ್ತ ಗಳಿಗೆಯಲ್ಲೇ ತಮ್ಮ ಆಡಿದ್ದೆಲ್ಲ ಅಳಿಸಿಹೋಗಿತ್ತು. "ಮೊದಲು ನಕಲು ತಗೋಬೇಕಿತ್ತು. ಗೊತ್ತಿರ್ಲಿಲ್ಲ. ಕೈಯಾರೆ ಕಳಕೊಂಡೆ. ಅವ್ನು ಎರಡನೇ ಸಲ ಹೋದ ಹಾಗಾಯ್ತು." ಇಷ್ಟು ಹೇಳಿ ಕನ್ನಡಕ ಒರೆಸುತ್ತಾರೆ.

ಇಂದು ಸ್ಟೂಲಿನ ಮೇಲೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಕೂತಿದ್ದಾರೆ. ಕರ್ಚೀಫಿನಲ್ಲಿ ಸುತ್ತಿದ ಕ್ಯಾಸೆಟ್ ಅವರ ಹೆಂಡತಿಯದು. ಆಕೆ ಹೋಗಿ ಎಂಟು ತಿಂಗಳಾಯಿತು. ಗಂಡ ಡ್ಯೂಟಿಗೆ ಹೋದಾಗ ಮಧ್ಯಾಹ್ನಗಳಲ್ಲಿ ಕೂತು, ಆಟದೊಳಗೆ ಒಂದು ಮನೆ ಕಟ್ಟಿದ್ದರಂತೆ.

"ಒಂದ್ಸಲ ಬಂದು ನೋಡಿ ಅಂತಿದ್ಲು. ನಾಳೆ ನೋಡೋಣ ಬಿಡೇ ಅಂತಿದ್ದೆ. ನಂಗೆಲ್ಲಿ ಪುರುಸೊತ್ತು?" ಎನ್ನುತ್ತಾರೆ ಡ್ರೈವರ್.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ ಕ್ಯಾಸೆಟ್ಟಕ್ಕನ ಕೈ ಅಲ್ಲೇ ನಿಲ್ಲುತ್ತದೆ. ಒಳಗೆ ಸೆಲ್ ಥಳಥಳ ಹೊಳೆಯುತ್ತಿದೆ. ಬೆಸುಗೆಯೂ ಹೊಸದು. ದನಿ ಏರಿಸದೆ ಕೇಳುತ್ತಾರೆ: "ಸೆಲ್ ಬದಲಾಯಿಸಿದ್ರಾ ಅಣ್ಣಾ?"

"ಹೂಂ, ಹೋದ ವಾರ. ಗಡಿಯಾರ ರಿಪೇರಿಯವರ ಹತ್ರ ಹಾಕಿಸ್ದೆ. ಹಳೇದು ಕೈಕೊಟ್ರೆ ಅವಳ ಮನೆ ಹೋಗಿಬಿಡತ್ತೆ ಅಂತ ಯಾರೋ ಅಂದ್ರು, ಭಯ ಆಯ್ತು."

ಗೊತ್ತಿದ್ದೂ ಅಕ್ಕ ಎರಡು ಸಲ ನಕಲು ಮಾಡಿ ನೋಡುತ್ತಾರೆ. ಫೋನಿನಲ್ಲಿ ಆಟವೇನೋ ತೆರೆದುಕೊಳ್ಳುತ್ತದೆ. ಮನೆ ಇಲ್ಲ. ಹುಲ್ಲು, ಒಂದು ಕೆರೆ, ಮಿಕ್ಕಿದ್ದು ಬಟಾಬಯಲು. ಹಳೆಯ ಸೆಲ್ ಮೊದಲೇ ಸತ್ತಿತ್ತು ಎಂದುಬಿಟ್ಟರೆ ಆ ಜೀವಕ್ಕೆ ನೆಮ್ಮದಿ. ನಾಲಗೆ ತುದಿಗೆ ಬಂದ ಆ ಸುಳ್ಳನ್ನು ಅಕ್ಕ ನುಂಗಿಕೊಳ್ಳುತ್ತಾರೆ.

"ನಾನೇ ಅಳಿಸಿದ್ನಾ?" ಎಂದು ಡ್ರೈವರೇ ಕೇಳುತ್ತಾರೆ.

"ಹೂಂ ಅಣ್ಣಾ. ಉಳೀಲಿ ಅಂತ ಮಾಡಿದ್ದು. ನಾನೂ ಹೀಗೇ ಮಾಡಿದೋಳು."

ಡ್ರೈವರ್ ಖಾಲಿ ಕರ್ಚೀಫನ್ನು ಮಡಚಿ ಜೇಬಿಗೆ ಹಾಕುತ್ತಾರೆ. ಆಮೇಲೆ, "ಕೆರೆ ಪಕ್ಕ ಕಟ್ಟಿದೀನಿ ಅಂತಿದ್ಲು" ಎಂದು ಫೋನಿಗೆ ಕೈಚಾಚುತ್ತಾರೆ. ಗಾಜಿನ ಮೇಲೆ ಮೂಡಿದ ಗುಂಡಿಗಳಲ್ಲಿ ಯಾವುದನ್ನು ಒತ್ತಿದರೆ ನಡೆಯುತ್ತದೆ ಎಂದು ಅಕ್ಕ ತೋರಿಸಿಕೊಡುತ್ತಾರೆ. ದಪ್ಪ ಹೆಬ್ಬೆರಳು ಎರಡು ಸಲ ಜಾರುತ್ತದೆ. ಪುಟ್ಟ ಗೊಂಬೆ ತಡವರಿಸುತ್ತಾ ಹೋಗಿ ಕೆರೆಯ ಪಕ್ಕ ನಿಲ್ಲುತ್ತದೆ. ಅವರು ಅದನ್ನು ಅಲ್ಲಿಂದ ಕದಲಿಸುವುದಿಲ್ಲ.

ಅವರು ಹೋದ ಮೇಲೆ ಪತ್ರಿಕೆಗೆಂದು ಒಂದು ಫೋಟೊ ಕೇಳಿದರೆ ಅಕ್ಕ ಕೈ ಅಡ್ಡ ಹಿಡಿಯುತ್ತಾರೆ. "ನನ್ನ ಮುಖ ಯಾರಿಗೆ ಬೇಕು? ಆ ಜಾಗದಲ್ಲಿ ಒಂದೇ ಮಾತು ದಪ್ಪಕ್ಷರದಲ್ಲಿ ಹಾಕಿ. ಸೆಲ್ ಕೀಳೋ ಮೊದಲು ನಕಲು ತಗೊಳ್ಳಿ ಅಂತ. ಇವರು ಅದನ್ನ ಹೋದ ವಾರ ಓದಿದ್ರೆ ಸಾಕಿತ್ತು."