ಗೇಟಿನ ಬಳಿ ನಾನಾಡಿದ ಮಾತು

ಹುಲಿಗೆಮ್ಮಾ, ನೀನು ಒಳಗೆ ಮಲಗಿದ್ದಾಗಲೇ, ನೀನಿಲ್ಲ ಎಂದು ಹೇಳಿದವಳು ನಾನು. ಮನೆ ಖಾಲಿ ಮಾಡಿಕೊಂಡು ಹೋಗಿದ್ದೀಯ ಎಂದೆ. ಎಲ್ಲಿಗೆ ಹೋದೆಯೋ ಗೊತ್ತಿಲ್ಲ ಎಂದೂ ಸೇರಿಸಿದೆ — ಒಂದು ಸುಳ್ಳು ಸಾಲದು ಎನ್ನುವ ಹಾಗೆ.

ಕುಂದಲಹಳ್ಳಿಯಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಕಟ್ಟಿಸಿದ ಮನೆ ಅದು. ಕೆಳಗಿನ ಸಾಲಿನಲ್ಲಿ, ಗೇಟಿಗೆ ಅಂಟಿಕೊಂಡ ಕೋಣೆ ನಿನ್ನದು ಮತ್ತು ನಿನ್ನ ಗಂಡನದು. ನನ್ನ ಯಜಮಾನರು ತೀರಿಕೊಂಡ ಮೇಲೆ ಅಷ್ಟು ಬಾಡಿಗೆದಾರರ ನಡುವೆ ನಾನೊಬ್ಬಳೇ. ಎಲ್ಲರಿಗೂ ನಾನು ಓನರಮ್ಮ. ನನ್ನನ್ನು ಕಂಡರೆ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದರು. ನೀನು ಮಾತ್ರ ಯಕ್ಕಾ ಎನ್ನುತ್ತಿದ್ದೆ. ವಾರವೆಲ್ಲ ಟೆಕ್ ಪಾರ್ಕಿನಲ್ಲಿ ನೆಲ ಒರೆಸಿ, ಭಾನುವಾರ ಮೆಟ್ಟಿಲ ಮೇಲೆ ಕೂತು ನನ್ನ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಅವರೆ ಎಂದರೆ ನಮಗಿರುವ ಹುಚ್ಚು ನೋಡಿ ಕೊಪ್ಪಳದವಳಾದ ನಿನಗೆ ನಗುವೋ ನಗು. ಹಾಗೆ ಸುಲಿಯುತ್ತಲೇ ಒಂದು ದಿನ ನೀನು, ಆಸ್ಪತ್ರೆಯಲ್ಲಿ ಕ್ಷಯ ಅಂತ ಹೇಳಿದಾರೆ ಎಂದೆ.

"ಗುಳಗಿ ಚಾಲೂ ಮಾಡ್ಯಾರ ಯಕ್ಕಾ. ಬಿಡದಂಗ ತಗೊಂಡ್ರ ಪೂರಾ ಆರಾಮ ಆಗ್ತೈತಂತ. ಯಾರ ಮುಂದೂ ಹೇಳಬ್ಯಾಡ್ರಿ."

ಯಾರಿಗೂ ಹೇಳಲಿಲ್ಲ, ನಿಜ. ಆದರೆ ಅವತ್ತಿನಿಂದ ನಿನ್ನ ಕಾಫಿ ಲೋಟ ಬೇರೆ ಇಟ್ಟೆ. ನೀನು ಕೆಮ್ಮಿದಾಗಲೆಲ್ಲ ನನಗೆ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗರದೇ ಚಿಂತೆ — ಗೊತ್ತಾದರೆ ಒಬ್ಬರ ಹಿಂದೊಬ್ಬರು ಖಾಲಿ ಮಾಡುತ್ತಾರೆ, ಆಮೇಲೆ ಈ ಮನೆಗೆ ಯಾರು ಬರುತ್ತಾರೆ ಎಂದು.

ಆಶಾ ಕಾರ್ಯಕರ್ತೆ ಶೋಭಾ ಗೇಟಿಗೆ ಬಂದಾಗ ಆ ಹುಡುಗರಲ್ಲೊಬ್ಬ ಅಲ್ಲೇ ಸ್ಕೂಟರ್ ತೆಗೆಯುತ್ತಿದ್ದ.

"ಹುಲಿಗೆಮ್ಮ ಇದ್ದಾರಾ ಆಂಟಿ? ಮಾತ್ರೆಗೆ ಬಂದೇ ಇಲ್ಲ, ಫೋನೂ ಹೋಗ್ತಿಲ್ಲ. ಅದಕ್ಕೇ ನಾನೇ ತಂದೆ."

"ಅವ್ರು ಖಾಲಿ ಮಾಡ್ಕೊಂಡು ಹೋದ್ರು ಕಣಮ್ಮ. ಎಲ್ಲಿಗೋ ಗೊತ್ತಿಲ್ಲ."

ಹೇಳಿದ ಸುಳ್ಳನ್ನು ಇನ್ನು ನಿಜ ಮಾಡಬೇಕಿತ್ತು. ಸಂಜೆ ನಿನ್ನ ಗಂಡನನ್ನು ಕರೆದು, ಸುಣ್ಣಬಣ್ಣ ಮಾಡಿಸಬೇಕು, ಕೋಣೆ ಬಿಡಿ ಎಂದೆ. ಅವನು ವಾದಿಸಲಿಲ್ಲ. ಏನೆಂದು ವಾದಿಸಿಯಾನು — ಕರಾರು ಎಂದು ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ. ಜಿಗಣಿಯಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ ತಗಡಿನ ಶೆಡ್ ಸಿಕ್ಕಿತು. ಎದೆ ಸೋತಿದ್ದ ನಿನ್ನನ್ನು ಆ ಕಲ್ಲಿನ ಧೂಳಿಗೆ ಕಳಿಸಿದೆ. ಆಟೋ ಹತ್ತುವ ಮುಂಚೆ ಗೇಟು ಹಿಡಿದು ನಿಂತು ನೀನು ಹೇಳಿದ್ದು ಇಷ್ಟು:

"ಯಕ್ಕಾ, ಆಶಾ ಮೇಡಂ ಬಂದ್ರ ನಮ್ಮ ಹೊಸ ಜಾಗ ಹೇಳ್ರಿ. ಗುಳಗಿ ಬಿಡಬಾರದಂತ."

ಆಯ್ತು ಎಂದೆ.

ಶೋಭಾ ಮತ್ತೆ ಬಂದಳು. ನಾನು ಹೇಳಲಿಲ್ಲ. ಹೇಳಿದರೆ ಮೊದಲಿನ ಸುಳ್ಳು ಬಯಲಾಗುತ್ತದಲ್ಲ — ಇಷ್ಟೇ, ಹುಲಿಗೆಮ್ಮ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಬಹಳ ತಡವಾಗಿ ಒಮ್ಮೆ ಜಿಗಣಿಗೆ ಹೋದೆ. ಶೆಡ್ಡುಗಳಿದ್ದ ಕಡೆ ಗೋದಾಮು ಎದ್ದಿತ್ತು. ಅಲ್ಲಿಯ ಕಾವಲುಗಾರ ನಿನ್ನ ಹೆಸರನ್ನೇ ಕೇಳಿರಲಿಲ್ಲ. ನೀನು ಬದುಕಿದ್ದೀಯೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಈಗ ಒಬ್ಬಳೇ ಅವರೆಕಾಯಿ ಸುಲಿಯುತ್ತೇನೆ. ಪಕ್ಕದಲ್ಲಿ ಯಾರೂ ಕೂರುವುದಿಲ್ಲ, ಕರೆಯುವ ಮುಖವೂ ನನಗಿಲ್ಲ. ಕೂತಾಗ ಇದೇ ಯೋಚನೆ. ಮಾತ್ರೆ ಪುಕ್ಕಟೆಯಾಗಿತ್ತು. ಶೋಭಾ ಬಿಸಿಲಲ್ಲಿ ನಡೆದು ಬಾಗಿಲಿಗೇ ತಂದಿದ್ದಳು. ಅವಳಿಗೂ ನಿನ್ನ ಹಾಸಿಗೆಗೂ ನಡುವೆ ಇದ್ದದ್ದು ನಾನು. ಕಾಯಿಲೆ ಬಂದು ನಿನ್ನ ಮನೆ ಹೋಯಿತು, ಮನೆ ಹೋಗಿ ಔಷಧಿ ಹೋಯಿತು. ಕೋಣೆ ಕೊಟ್ಟದ್ದನ್ನು ನಾನು ಉಪಕಾರ ಎಂದುಕೊಂಡಿದ್ದೆ. ಇರಲೊಂದು ಸೂರು, ಕಾಯಿಲೆಗೆ ಔಷಧಿ — ಅದು ನಿನ್ನ ಹಕ್ಕು. ನನ್ನಂಥವಳ ಮರ್ಜಿಗೆ ಅದನ್ನು ಬಿಡಲೇಬಾರದಿತ್ತು.

ಮೊನ್ನೆ ಶೋಭಾ ಮಕ್ಕಳ ಲಸಿಕೆಯ ವಿಷಯಕ್ಕೆ ಬಂದಿದ್ದಳು. ಒಳಗೆ ಕರೆದು ಕೂರಿಸಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮುಖ ನೋಡದೆ ಹೇಳಿದಳು:

"ಅವತ್ತು ಒಳಗಡೆ ಕೆಮ್ಮು ಕೇಳಿಸ್ತು ಆಂಟಿ. ಅವ್ರೇ ಅಂತ ಗೊತ್ತಾಯ್ತು. ನಿಮ್ ಗೇಟು, ನೀವೇ ಇಲ್ಲ ಅಂದ್ಮೇಲೆ ಹೆಂಗೆ ಒಳಗ್ ಬರ್ಲಿ? ಆಮೇಲೆ ಇನ್ನೊಂದ್ಸಲ ಬಂದೆನಲ್ಲ, ಆಗಾದ್ರೂ ಹೇಳ್ತೀರೇನೋ ಅಂತ."

ಅವಳು ಹೋದ ಮೇಲೆ ಹೊಳೆಯಿತು. ನಿನ್ನ ಕೆಮ್ಮು ಗೇಟಿನವರೆಗೆ ಕೇಳಿಸಿದ್ದರೆ, ನನ್ನ ಮಾತೂ ನಿನಗೆ ಕೇಳಿಸಿರಬೇಕು. ಇಲ್ಲೇ ಇದ್ದೀನಿ ಎಂದು ಹೊರಗೆ ಬರಲು ನಿನಗೆ ನನ್ನ ಭಯ. ಎಲ್ಲ ಕೇಳಿಸಿಕೊಂಡ ಮೇಲೂ — ಹೋಗುವಾಗ, ಹೊಸ ಜಾಗ ಹೇಳ್ರಿ ಎಂದು ನನ್ನನ್ನೇ ಕೇಳಿದೆ. ಕೇಳಲು ನಿನಗೆ ಬೇರೆ ಯಾರಿದ್ದರು.

ಆಯ್ತು ಎಂದಿದ್ದೆ ನಾನು.