ವೃದ್ಧಾಶ್ರಮವೇ ಎದ್ದು ಬಂದ ದಿನ

ಅಣ್ಣಿಗೇರಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದೆ. ದೂರದೇಶದ ಒಂದು ವೃದ್ಧಾಶ್ರಮದ ಒಡತಿ ಫೋನಿನಲ್ಲೇ ಸಂದರ್ಶನ ಮಾಡಿ ನನ್ನನ್ನು ಕೆಲಸಕ್ಕೆ ಆರಿಸಿಕೊಂಡಿದ್ದರು. ವೀಸಾಕ್ಕೂ ಅವರೇ ಪ್ರಾಯೋಜಕರು. ಆದರೆ ಅರ್ಜಿ ತಿರಸ್ಕೃತವಾಯಿತು. ಅಷ್ಟು ಚಿಕ್ಕ ಆಶ್ರಮಕ್ಕೆ ಇಷ್ಟು ದೂರದಿಂದ ನರ್ಸ್ ಬೇಕೆಂದರೆ ನಂಬಲಾಗದು, ಆ ಕೆಲಸವೇ ನಿಜವಿರಲಿಕ್ಕಿಲ್ಲ ಎಂದು ಅಧಿಕಾರಿ ಬರೆದಿದ್ದರು.

ನಾನು ಆಸೆ ಬಿಟ್ಟೆ. ಆಸ್ಪತ್ರೆಗೆ ಹೋಗಿ, ಕೊಟ್ಟಿದ್ದ ರಾಜೀನಾಮೆಯನ್ನು ವಾಪಸು ತೆಗೆದುಕೊಂಡೆ. ಒಡತಿ ಮಾತ್ರ ಬಿಡಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. “ನನ್ನ ಆಶ್ರಮ ಸುಳ್ಳಲ್ಲ, ನೀನೂ ಸುಳ್ಳಲ್ಲ. ಮೇಲ್ಮನವಿ ಹಾಕುತ್ತೇನೆ,” ಎಂದು ಫೋನಿಟ್ಟರು.

ವಿಚಾರಣೆಗೆ ನಾನು ವಿಡಿಯೋದಲ್ಲಿ ಹಾಜರಾಗಬೇಕಿತ್ತು. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಸೋದರಮಾವನ ಕಾಳಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಡಲೆ ಚೀಲಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಪಕ್ಕದಲ್ಲಿ ಅವ್ವ. ಹೊರಗೆ ಹಮಾಲರಿಗೆ ಮಾವ ಹೇಳುತ್ತಿದ್ದುದು ಕೇಳಿಸಿತು: “ಸಾವಕಾಶ ಇಳಸ್ರೋ, ಒಳಗ ಕೋರ್ಟ್ ನಡದೈತಿ.”

ಪರದೆಯ ಮೇಲೆ ನ್ಯಾಯಾಲಯ ಮೂಡಿತು. ಎತ್ತರದ ಪೀಠದಲ್ಲಿ ನ್ಯಾಯಾಧೀಶೆ, ಎದುರಿಗೆ ನಮ್ಮ ಒಡತಿ. ಅವರ ಹಿಂದಿನ ಸಾಲನ್ನು ಕಂಡು ನಾನು ಪರದೆಯತ್ತ ಬಾಗಿದೆ. ಗಾಲಿಕುರ್ಚಿಗಳಲ್ಲಿ, ಊರುಗೋಲು ಹಿಡಿದು, ಉಲ್ಲನ್ ಟೋಪಿ ಹಾಕಿಕೊಂಡು ಮುದುಕ ಮುದುಕಿಯರು ಕುಳಿತಿದ್ದರು. ಒಬ್ಬಾಕೆಯ ಮೂಗಿಗೆ ಆಮ್ಲಜನಕದ ನಳಿಕೆ.

“ಇವರೆಲ್ಲ ಯಾರು?” ನ್ಯಾಯಾಧೀಶೆ ಕೇಳಿದರು.

“ನನ್ನ ಆಶ್ರಮ ನಿಜವೋ ಅಲ್ಲವೋ ಎಂಬ ಸಂಶಯವಿತ್ತಲ್ಲ,” ಎಂದರು ಒಡತಿ, “ಅಲ್ಲಿರುವವರೇ ಇವರು. ನಾವೇ ಬರುತ್ತೇವೆ ಎಂದು ಹಟ ಹಿಡಿದು ಬಂದಿದ್ದಾರೆ.”

ನ್ಯಾಯಾಧೀಶೆ ಕನ್ನಡಕ ತೆಗೆದು ಆ ಸಾಲನ್ನು ಒಬ್ಬೊಬ್ಬರಾಗಿ ನೋಡಿದರು. ತುದಿಯಲ್ಲಿದ್ದ ಮುದುಕ ಪರದೆಯಲ್ಲಿದ್ದ ನನ್ನತ್ತ ಕೈ ಎತ್ತಿದ. ನಾನು ಗಾಬರಿಯಲ್ಲಿ ಕೈ ಮುಗಿದೆ.

ಅವ್ವನಿಗೆ ಇಂಗ್ಲಿಷ್ ಬಾರದು. “ಯಾರಬೇ ಅವರು? ಯಾಕ ಬಂದಾರ?” ಎಂದು ಪಿಸುಗುಟ್ಟಿದಳು.

“ನನ್ನ ಸಲುವಾಗಿ ಬಂದಾರಬೇ.”

“ನಾವು ಅವರಿಗೆ ಏನ್ ಆಗಬೇಕ?” ಎಂದಳು ಅವ್ವ. ಸೆರಗು ತಲೆಯ ಮೇಲೆಳೆದುಕೊಂಡು, ಗುಡಿಯಲ್ಲಿ ಕೂತಂತೆ ಕೂತಳು.

ಊಟ ಒಲ್ಲೆ ಎನ್ನುವ ಮುದುಕರಿಗೆ ಏನು ಮಾಡುತ್ತೀಯ ಎಂದು ನ್ಯಾಯಾಧೀಶೆ ನನ್ನನ್ನು ಕೇಳಿದರು. ನಮ್ಮ ಆಯಿ, ಅಂದರೆ ಅಜ್ಜಿಯ ಎದುರು ರೊಟ್ಟಿ ಇಟ್ಟುಕೊಂಡು ನಾನೇ ಮೊದಲು ಉಣ್ಣತೊಡಗುತ್ತಿದ್ದೆ, ಆಮೇಲೆ ಅವಳೂ ಬಾಯಿ ತೆರೆಯುತ್ತಿದ್ದಳು ಎಂದೆ. ಅವರು ಅದನ್ನು ಬರೆದುಕೊಂಡರು. ಅಷ್ಟು ದೊಡ್ಡ ಪೀಠದಲ್ಲಿ ಕೂತು ನಮ್ಮ ಆಯಿಯ ರೊಟ್ಟಿಯ ಸಂಗತಿ ಬರೆದುಕೊಂಡರು!

ಕೆಲವು ವಾರಗಳ ಮೇಲೆ ಮೇಲ್ಮನವಿ ಪುರಸ್ಕೃತವಾದ ಸುದ್ದಿ ಬಂತು, ಆಮೇಲೆ ವೀಸಾ.

ಆಶ್ರಮ ಸೇರಿದ ಮೇಲೆಯೇ ನನಗೆ ತಿಳಿದದ್ದು: ವಿಚಾರಣೆಯ ದಿನ ಆ ಮುದುಕ ಮುದುಕಿಯರೆಲ್ಲ ನಸುಕಿನಲ್ಲೇ ಎದ್ದು, ಔಷಧಿ ನುಂಗಿ, ಹಿಮ ಬೀಳುತ್ತಿದ್ದರೂ ಬಾಡಿಗೆ ಬಸ್ಸಿನಲ್ಲಿ ಹೊರಟಿದ್ದರಂತೆ. ನಳಿಕೆಯ ಅಜ್ಜಿಗೆ ಡಾಕ್ಟರು ಬೇಡವೆಂದಿದ್ದರೂ ಕೇಳಿರಲಿಲ್ಲ. ಯಾಕೆ ಅಷ್ಟು ತ್ರಾಸು ತೆಗೆದುಕೊಂಡಿರಿ ಎಂದು ಆ ಅಜ್ಜಿಯನ್ನು ಕೇಳಿದೆ.

“ಬರುವವಳು ನಮ್ಮ ಮನೆಯವಳಲ್ಲವೇ,” ಎಂದು ಆಕೆ ನನ್ನ ಕೈ ಹಿಡಿದುಕೊಂಡಳು.