ಪೂಜೆ ಮುಗಿಯದೆ ಕರಿಯನಿಗೂ ಬಿಸ್ಕತ್ತಿಲ್ಲ

ಸ್ನೇಹಿತರೇ, ಇವತ್ತು ನಮ್ಮ ನಾಯಿ ಕರಿಯನಿಗೆ ಮನೆ ತಪ್ಪುವುದರಲ್ಲಿತ್ತು. ಬೆಳಿಗ್ಗೆ ಹಾಲಿಗೆ ಬರುವ ಪುಟ್ಟಮ್ಮನನ್ನು ಕಂಡರೆ ಅದಕ್ಕಾಗದು. "ನಾಳೇನೂ ಬೊಗುಳುದ್ರೆ ಬನ್ನೂರಿಗೆ, ನಮ್ಮಣ್ಣನ ತೋಟಕ್ಕೆ ಕಳುಸ್ಬುಡ್ತೀನಿ" ಎಂದು ನನ್ನ ಹೆಂಡತಿ ನಿನ್ನೆಯೇ ಹೇಳಿದ್ದಳು.

ನಾನೂ ಕೆಲವು ದಿನಗಳಿಂದ ಕಲಿಸುತ್ತಲೇ ಇದ್ದೆ. ಸುಮ್ಮನೆ ಕೂತರೆ ಬಿಸ್ಕತ್ತು. ಆದರೆ ಅಮ್ಮನ ಪೂಜೆ ಮುಗಿಯದೆ ನಮ್ಮ ಮನೆಯಲ್ಲಿ ಯಾರೂ ಏನೂ ತಿನ್ನುವಂತಿಲ್ಲ, ನಾಯಿಯೂ ಅಷ್ಟೇ. ಕರಿಯ ಆರಕ್ಕೆ ಕೂತರೆ ಬಿಸ್ಕತ್ತು ಸಿಗುವುದು ಏಳಕ್ಕೆ. ಆ ಹೊತ್ತಿಗೆ ಪುಟ್ಟಮ್ಮ ಬಂದಿರುತ್ತಾಳೆ, ಕರಿಯ ಬೊಗಳುತ್ತಿರುತ್ತದೆ. ಆಗಲೇ ಕೂತಿತ್ತಲ್ಲ ಪಾಪ ಅಂತ ನಾನು ಬಿಸ್ಕತ್ತು ಹಾಕುತ್ತಿದ್ದೆ.

ಇವತ್ತು ಪುಟ್ಟಮ್ಮನನ್ನು ಕಂಡದ್ದೇ ತಡ, ಕರಿಯ ಜೋರಾಗಿ ಬೊಗಳಿ, ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಜೇಬು ಮೂಸಿತು.

"ಅಯ್ಯೋ ಅಣ್ಣಾವ್ರೇ, ಬೊಗುಳುದ್ರೆ ಬಿಸ್ಕತ್ತು ಅಂತ ನೀವೇ ಕಲ್ಸಿರಾದು!" ಎಂದು ಪುಟ್ಟಮ್ಮ ನಕ್ಕಳು.

ಒಳಗಿಂದ ಬಂದ ಅಮ್ಮ ಸೊಸೆಗೆ ಹೇಳಿದರು: "ಅದ್ನ ಎಲ್ಗೂ ಕಳುಸ್ಬ್ಯಾಡ ಕಣವ್ವ. ನಾಳಿಂದ ನಾನು ಐದಕ್ಕೇ ಪೂಜೆ ಮುಗುಸ್ತೀನಿ."

ಬಸ್ಸು ತಪ್ಪುತ್ತೆ, ಒಂದಿಡ್ಲಿ ಕೊಡಮ್ಮ ಎಂದು ನಾನು ಇಷ್ಟು ವರ್ಷ ಗೋಗರೆದರೂ ಕದಲದ ಪೂಜೆ ಅದು.